ಒಂದಗುಳಿನ ಪರೀಕ್ಷೆ

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಇಡೀ ಪಾತ್ರೆಯನ್ನು ಬಗ್ಗಿಸಬೇಕಾಗಿಲ್ಲ, ಒಂದಗುಳು ಹಿಚುಕಿದರೆ ಸಾಕು ಎಂದು ನಮ್ಮವ್ವ ಹೇಳಿಕೊಟ್ಟಾಗ ನನಗೆ ಏಳೋ ಎಂಟೋ ವರ್ಷ. ಗಂಗಾವತಿ ಕಡೆಯವರಿಗೆ ಅಕ್ಕಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಮಾತು ಇಂದಿಗೂ ಸುಳ್ಳಾಗಿಲ್ಲ. ಯಾಕೆಂದರೆ ಅಕ್ಕಿ ಒಂದೇ ಚೀಲದ್ದು, ನೀರು ಒಂದೇ, ಉರಿ ಒಂದೇ. ಒಂದಗುಳು ಎಲ್ಲ ಅಗುಳುಗಳ ಪರವಾಗಿ ಸಾಕ್ಷಿ ಹೇಳಬಲ್ಲದು.

ಇದೇ ಲೆಕ್ಕವನ್ನು ನಾನು ಮಕ್ಕಳ ಮೇಲೂ ನಡೆಸಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ಉತ್ತರಪತ್ರಿಕೆ ಎಂಬ ಒಂದಗುಳನ್ನು ಹಿಚುಕಿ, ಈ ಹುಡುಗಿ ಬೆಂದಿದ್ದಾಳೆ, ಈ ಹುಡುಗ ಇನ್ನೂ ಬೇಯಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕುತ್ತಿದ್ದೆ. ನೀವೂ ಅಷ್ಟೇ ಅಲ್ಲವೇ? ಮಗುವಿನ ಅಂಕಪಟ್ಟಿ ಕೈಗೆ ಬಂದಾಗ ನಿಮ್ಮ ಕಣ್ಣು ಮೊದಲು ಹೋಗುವುದು ಇಂಗ್ಲಿಷಿನ ಸಾಲಿಗೇ. ಅಲ್ಲಿ ತೊಂಬತ್ತು ಕಂಡರೆ ಪಕ್ಕದ ಮನೆಗೆ ಸಕ್ಕರೆ ಹೋಗುತ್ತದೆ. ನಲವತ್ತು ಕಂಡರೆ ಮನೆಯಲ್ಲಿ ಅವತ್ತು ಯಾರೂ ಜೋರಾಗಿ ಮಾತಾಡುವುದಿಲ್ಲ. ಆ ತೊಂಬತ್ತು ಏನನ್ನು ಅಳೆದ ತೊಂಬತ್ತು ಎಂದು ನೀವು ಕೇಳಲಿಲ್ಲ. ಕೇಳದಿದ್ದದ್ದು ನನಗೂ ಅನುಕೂಲವಾಗಿತ್ತು.

ನನ್ನನ್ನು ಕೇಳಿದವರು ಇಬ್ಬರು. ಇಬ್ಬರೂ ನನ್ನ ವಿದ್ಯಾರ್ಥಿಗಳು, ಒಂದೇ ವರ್ಷದವರು, ಇಬ್ಬರೂ ಸಾಣಾಪುರದ ಆಸುಪಾಸಿನವರು.

ಸಾಣಾಪುರ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಗಂಗಾವತಿಯಿಂದ ಆನೆಗೊಂದಿ ಕಡೆಗೆ ಹೋಗಿ, ಅಂಜನಾದ್ರಿ ಬೆಟ್ಟವನ್ನು ದಾಟಿದರೆ ಈ ಊರು. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಭತ್ತದ ಗದ್ದೆ, ಬಾಳೆತೋಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬಿದ ಕೆರೆ. ಹೊಳೆಯ ಆಚೆ ದಂಡೆಗೆ ಹಂಪಿ. ಹಿಂದೆ ಪರದೇಶದ ಪ್ರವಾಸಿಗರು ವಿರೂಪಾಪುರ ಗಡ್ಡೆಯಲ್ಲಿ ಹೆಚ್ಚಾಗಿ ಇಳಿದುಕೊಳ್ಳುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಆಮೇಲೆ ಸಾಣಾಪುರದ ಕಡೆ ಜನರ ಓಡಾಟ ಹೆಚ್ಚಾಯಿತು. ಕೆರೆಯಲ್ಲಿ ಹರಿಗೋಲು ಹತ್ತುವವರ ಸಾಲು ಬೆಳೆಯಿತು.

ಒಂದು ಭಾನುವಾರ ಬೆಂಗಳೂರಿನಿಂದ ಬಂದ ನಾದಿನಿಯ ಮಕ್ಕಳನ್ನು ಕರೆದುಕೊಂಡು ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಮುಂದೆ ಬಿಳಿಯ ದಂಪತಿಗಳಿದ್ದರು. ಹರಿಗೋಲಿನ ಹುಡುಗ ಅವರಿಗೆ ಹೇಳುತ್ತಿದ್ದ: "ಸ್ಲೋಲಿ ಸಿಟ್. ಮ್ಯಾಡಮ್ ದಿಸ್ ಸೈಡ್, ಸರ್ ದಟ್ ಸೈಡ್. ನೋ ಸ್ಟ್ಯಾಂಡಿಂಗ್, ವಾಟರ್ ವೆರಿ ಡೀಪ್." ಆಕೆ ಏನೋ ಕೇಳಿದಳು. ನನಗೇ ಅವಳ ಉಚ್ಚಾರ ಸರಿಯಾಗಿ ಹಿಡಿಯಲಿಲ್ಲ. ಅವನಿಗೆ ಹಿಡಿಯಿತು. "ಯೆಸ್, ಸನ್‌ಸೆಟ್ ಆಲ್ಸೋ. ಬಟ್ ಕ್ಲೌಡ್ ಟುಡೇ. ಟುಮಾರೋ ಕಮ್, ಬೆಟರ್" ಎಂದ. ಮೋಡ ಕವಿದಿದೆ, ಇವತ್ತಿನ ದುಡ್ಡು ದಂಡ, ನಾಳೆ ಬಾ ಎಂದು ಗಿರಾಕಿಗೆ ಹೇಳುವ ಪ್ರಾಮಾಣಿಕತೆ ಆ ಇಂಗ್ಲಿಷಿನಲ್ಲಿತ್ತು.

ಆಮೇಲೆ ಅವನು ನನ್ನ ಕಡೆ ತಿರುಗಿ ನಕ್ಕ. "ನಮಸ್ಕಾರ್ರಿ ಅಕ್ಕೋರ. ಗುರ್ತು ಸಿಗಲಿಲ್ಲೇನ್ರಿ? ಪ್ರಿಪರೇಟರಿ ಇಂಗ್ಲಿಷಿನ್ಯಾಗ ನನಗ ಹನ್ನೊಂದು ಕೊಟ್ಟಿದ್ರಲ್ರಿ."

ನಾದಿನಿಯ ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಹರಿಗೋಲು ತಿರುಗತೊಡಗಿದಾಗ ನಗು ನಿಂತಿತು. ಎಂಬತ್ತಕ್ಕೆ ಹನ್ನೊಂದು ಕೊಟ್ಟವಳು ನಾನೇ. ಮುಖ್ಯ ಪರೀಕ್ಷೆಯಲ್ಲೂ ಇಂಗ್ಲಿಷ್ ಅವನ ಕೈಹಿಡಿಯಲಿಲ್ಲ. ಅವನು ಮತ್ತೆ ಕಟ್ಟಲೂ ಇಲ್ಲ.

ಇನ್ನೊಬ್ಬಳು ಹುಡುಗಿ. ಅವಳ ಅಕ್ಷರ ಮುತ್ತು ಪೋಣಿಸಿದಂತೆ. ತರಗತಿಯಲ್ಲಿ ಅವಳ ದನಿ ಕೇಳಿದ ನೆನಪು ನನಗಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಸದ್ದು ಮಾಡದ ಹೆಣ್ಣುಮಕ್ಕಳನ್ನು ನಾವು ಶಾಣ್ಯಾರು ಎಂದು ಕರೆಯುತ್ತೇವೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅವಳಿಗೆ ನೂರಕ್ಕೆ ತೊಂಬತ್ತೆರಡು: ಬರಹದಲ್ಲಿ ಎಪ್ಪತ್ತಮೂರು, ನಾನು ಕೊಟ್ಟ ಆಂತರಿಕ ಅಂಕ ಹತ್ತೊಂಬತ್ತು. ನರ್ಸ್ ಆಗಬೇಕೆಂಬ ಆಸೆ ಅವಳದು. ಅಪ್ಪನಿಗೆ ಧೈರ್ಯ ಹೇಳಿ ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಹಚ್ಚಿಸಿದವಳೂ ನಾನೇ. ಅಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ದೀಪಾವಳಿಯ ರಜೆಗೆ ಬಂದವಳು ಮರಳಿ ಹೋಗಲಿಲ್ಲ. ನಾನು ಮನೆಗೆ ಹೋದಾಗ ನೆಲ ನೋಡುತ್ತಾ ಕೇಳಿದಳು: "ಅಕ್ಕೋರ, ತೊಂಬತ್ತೆರಡು ಬಂದಿತ್ತಲ್ರಿ. ಮತ್ಯಾಕ್ರಿ ನನಗ ಒಂದೂ ತಿಳೀವಲ್ದು?"

ಮರುವರ್ಷ ಅವಳನ್ನು ಕಲಾ ವಿಭಾಗಕ್ಕೆ ಹಚ್ಚಿದರು. ಅದು ಅವಳು ಕೇಳಿದ್ದಲ್ಲ.

ಇಬ್ಬರ ಮಧ್ಯೆ ಎಂಬತ್ತರ ಬರಹದಲ್ಲೇ ಅರವತ್ತೆರಡು ಅಂಕಗಳ ಅಂತರ. ಒಬ್ಬನಿಗೆ ಪರದೇಶದವಳ ಮಾತು ಅರ್ಥವಾಗುತ್ತದೆ. ಇನ್ನೊಬ್ಬಳಿಗೆ ತನ್ನದೇ ಪುಸ್ತಕ ಅರ್ಥವಾಗುವುದಿಲ್ಲ. ಹಾಗಾದರೆ ನಾವು ಅಳೆದದ್ದೇನು?

ಪ್ರಶ್ನೆಪತ್ರಿಕೆಯನ್ನೇ ಬಿಚ್ಚಿ ನೋಡೋಣ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 2014-15ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಬರಹಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ ಎಂಬತ್ತರಲ್ಲಿ ಪಾಠದ ಪ್ರಶ್ನೋತ್ತರ, ಪದ್ಯದ ನಾಲ್ಕು ಸಾಲನ್ನು ನೆನಪಿನಿಂದ ಬರೆಯುವುದು, ಚಿತ್ರ ನೋಡಿ ವಿವರಿಸುವುದು, ಪತ್ರ, ಪ್ರಬಂಧ. ಸಂಭಾಷಣೆಯೂ ಇರುತ್ತದೆ, ಆದರೆ ಅದನ್ನೂ ಬಾಯಿಮುಚ್ಚಿಕೊಂಡು ಬರೆದೇ ತೋರಿಸಬೇಕು. ಈ ಬಗೆಯ ಪತ್ರಿಕೆ ಎದುರಿಗಿದ್ದರೆ ಕಲಿಸುವವಳು ಏನು ಮಾಡುತ್ತಾಳೆ? ನಾನು ಮಾಡಿದ್ದನ್ನೇ. 'ಪಾಸಿಂಗ್ ಪ್ಯಾಕೇಜ್' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಯಾವ ಪದ್ಯದ ಯಾವ ಸಾಲು, ಯಾವ ಎರಡು ಪತ್ರ, ಯಾವ ಪ್ರಬಂಧ ಎಂದು ಆರಿಸಿ, ಗುಳಿಗೆಯ ಹಾಗೆ ಕಟ್ಟಿಕೊಡುವುದು. ಚಿತ್ರ ಯಾವುದೇ ಬರಲಿ, ಸಂತೆಯದಿರಲಿ, ಬಸ್‌ನಿಲ್ದಾಣದ್ದಿರಲಿ, "ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್" ಎಂದು ಶುರುಮಾಡಿ ಎಲ್ಲಕ್ಕೂ ಹೊಂದುವ ಐದು ವಾಕ್ಯ ಬರೆಸಿದ್ದೆ. ಒಂದು ವರ್ಷ ಅಪಘಾತದ ಚಿತ್ರ ಕೊಟ್ಟೆ. ಅರ್ಧ ತರಗತಿ ಅದನ್ನೂ ಬ್ಯೂಟಿಫುಲ್ ಎಂದು ಬರೆಯಿತು. ನಾನು ಅವರನ್ನು ಬೈದೆ. ಬೈಸಿಕೊಳ್ಳಬೇಕಾದವಳು ಯಾರೆಂದು ಈಗ ಗೊತ್ತಾಗಿದೆ.

ಆ ಹುಡುಗಿಯ ಎಪ್ಪತ್ತಮೂರು ಹೀಗೆ ಹುಟ್ಟಿದ್ದು. ಅದು ಸುಳ್ಳು ಅಂಕವಲ್ಲ. ಅವಳು ನಕಲು ಮಾಡಲಿಲ್ಲ, ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿದಳು. ಅದು ಅವಳ ನೆನಪಿನ ಶಕ್ತಿಯ, ಹಟದ, ಅಚ್ಚುಕಟ್ಟಿನ ಅಳತೆ. ಅದರ ತಲೆಯ ಮೇಲೆ ನಾವು ಇಂಗ್ಲಿಷ್ ಎಂದು ಬರೆದೆವು.

ಆಂತರಿಕ ಅಂಕದ ಇಪ್ಪತ್ತು ಬಂದದ್ದೇ ಈ ಕೊರತೆ ತುಂಬಲಿಕ್ಕೆ. 'ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ' ಎಂಬ ಉದ್ದನೆಯ ಹೆಸರಿನ ಪದ್ಧತಿಯನ್ನು ನಾನು ತಮಾಷೆ ಮಾಡಿದ್ದುಂಟು. ಆದರೆ ಅದರ ಹಿಂದಿನ ವಿಚಾರ ಚೊಕ್ಕವಾದದ್ದು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಮಗು ಕಲಿಯುತ್ತಿರುವಾಗಲೇ ಅದರ ಮಾತು, ಓದು, ಚಟುವಟಿಕೆಯನ್ನು ಗಮನಿಸಿ ಕೈಹಿಡಿಯುವುದು. ಎರಡು ಸಂಕಲನಾತ್ಮಕ, ಅಂದರೆ ಕಲಿತಾದ ಮೇಲೆ ಲೆಕ್ಕ ಹಾಕುವುದು. ಅಡುಗೆಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಸಾರು ಕುದಿಯುವಾಗ ಸೌಟಿನಿಂದ ರುಚಿ ನೋಡಿ ಉಪ್ಪು ಹಾಕುವುದು. ಎರಡನೆಯದು ಬಡಿಸಿದ ಮೇಲೆ ಉಂಡವರು ಹೇಳುವುದು. ನಾವು ಮಾಡಿದ್ದೇನು? ರುಚಿ ನೋಡದೆ, ನೋಡಿದ್ದೇವೆ ಎಂದು ಪುಸ್ತಕದಲ್ಲಿ ಬರೆದೆವು. ಆ ಹುಡುಗಿಯ ಹತ್ತೊಂಬತ್ತನ್ನು ನಾನು ಒಂದು ರಾತ್ರಿ ಊಟವಾದ ಮೇಲೆ, ಇಡೀ ತರಗತಿಯ ಅಂಕಗಳ ಜೊತೆಗೆ, ಟಿವಿಯ ಮುಂದೆ ಕೂತು ತುಂಬಿದೆ. ಮೌಖಿಕ ಚಟುವಟಿಕೆ ಎಂಬ ಕಾಲಮಿನಲ್ಲೂ ಅವಳಿಗೆ ಪೂರ್ತಿ ಅಂಕವಿತ್ತು. ನಾನು ದನಿಯನ್ನೇ ಕೇಳದ ಹುಡುಗಿಗೆ!

ಇಂತಹ ಅಳತೆಗೋಲಿನ ಮೇಲೆ ಇಡೀ ರಾಜ್ಯದ ಲೆಕ್ಕ ನಿಂತಿದೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ದೂರದಿಂದ ನೋಡುವ ವ್ಯವಸ್ಥೆ ಮಾಡಿದರು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ 73.40ಕ್ಕೆ ಬಂದು ನಿಂತಿತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಹತ್ತು ಪೈಸೆಯಷ್ಟು ದಡ್ಡರಾದರೇ? ಇಲ್ಲ. ತಕ್ಕಡಿಯ ಕೆಳಗೆ ಇಟ್ಟಿದ್ದ ಬೆರಳು ತೆಗೆದರು, ಅಷ್ಟೆ. ಆದರೆ ಒಂದು ಮಾತು. ಬೆರಳು ತೆಗೆದ ಮಾತ್ರಕ್ಕೆ ತಕ್ಕಡಿ ಬೇರೇನನ್ನೋ ತೂಗುವುದಿಲ್ಲ. ಕ್ಯಾಮೆರಾ ಇದ್ದ ಕೊಠಡಿಯಲ್ಲೂ ಬಾಯಿಪಾಠ ಬಾಯಿಪಾಠವೇ.

ಅಳತೆ ಬದಲಾದರೆ ಜಾಣರ ಪಟ್ಟಿಯೇ ಬದಲಾಗುತ್ತದೆ ಎಂಬುದನ್ನು ನಮ್ಮ ರಾಜ್ಯದಲ್ಲೇ ಒಮ್ಮೆ ಕಂಡದ್ದುಂಟು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದರಾಸು ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ವ್ಯಾಕರಣವನ್ನು ಹಂತಹಂತವಾಗಿ ಉರುಹೊಡೆಸುವ ಬದಲು ಮಕ್ಕಳಿಗೆ ನಕ್ಷೆ, ವೇಳಾಪಟ್ಟಿಯಂಥವನ್ನು ಕೊಟ್ಟು, ಇಂಗ್ಲಿಷಿನಲ್ಲೇ ತಲೆ ಓಡಿಸಿ ಬಿಡಿಸಬೇಕಾದ ಸಮಸ್ಯೆ ಒಡ್ಡುವುದು. ಅರ್ಥದ ಬೆನ್ನು ಹತ್ತಿದರೆ ಭಾಷೆ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ.

ಪ್ರಯೋಗದ ಕೊನೆಗೆ ಆ ಮಕ್ಕಳನ್ನೂ ಹಳೆಯ ಪದ್ಧತಿಯ ಮಕ್ಕಳನ್ನೂ ಹೋಲಿಸಬೇಕಾಯಿತು. ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು ಆ ಕೆಲಸ ಮಾಡಿದರು. ಅವರ ವರದಿ 1985ರಲ್ಲಿ ಬಂತು. ಅವರಿಗೆ ಎದುರಾದ ಮೊದಲ ತೊಡಕು ಯಾವ ಪರೀಕ್ಷೆ ಕೊಡಬೇಕು ಎಂಬುದೇ. ವ್ಯಾಕರಣದ ಪರೀಕ್ಷೆ ಕೊಟ್ಟರೆ ಹಳೆಯ ಪದ್ಧತಿಯವರು ಗೆಲ್ಲುತ್ತಾರೆ, ಸಮಸ್ಯೆ ಬಿಡಿಸುವ ಪರೀಕ್ಷೆ ಕೊಟ್ಟರೆ ಪ್ರಭು ಅವರ ಮಕ್ಕಳು. ಅದಕ್ಕೇ ಅವರು ಎರಡೂ ಬಗೆಯದನ್ನು ಕೊಟ್ಟು, ಯಾರ ಪಕ್ಷಕ್ಕೂ ಸೇರದ ಉಕ್ತಲೇಖನ, ಕೇಳಿ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಗಳನ್ನೂ ಸೇರಿಸಿದರು. ನಿರೀಕ್ಷಿಸಿದಂತೆ ಅವರವರ ಪರೀಕ್ಷೆಯಲ್ಲಿ ಅವರವರು ಮುಂದೆ. ಪಕ್ಷವಿಲ್ಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಭು ಅವರ ಮಕ್ಕಳ ಕಡೆಗೆ ತಕ್ಕಡಿ ತುಸು ವಾಲಿತು. ಆ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಪಂಡಿತರಿಗಿರಲಿ. ನನಗೆ ಬೇಕಾದದ್ದು ಆ ಇಬ್ಬರಿಗಿದ್ದ ಎಚ್ಚರ. ಅಳೆಯುವ ಮೊದಲು ತಮ್ಮ ಕೋಲು ಯಾರ ಮನೆಯದು ಎಂದು ಅವರು ನೋಡಿಕೊಂಡರು.

ನಮ್ಮ ಕೋಲು ಅಳೆಯುವವರ ಮನೆಯದು. ನಲವತ್ತೈದು ಉತ್ತರಪತ್ರಿಕೆಗಳನ್ನು ಮನೆಗೆ ಒಯ್ಯಬಹುದು, ನಲವತ್ತೈದು ಬಾಯಿಗಳನ್ನು ಒಯ್ಯಲಾಗುವುದಿಲ್ಲ. ಬರೆದದ್ದಕ್ಕೆ ದಾಖಲೆ ಇರುತ್ತದೆ, ಆಡಿದ ಮಾತು ಗಾಳಿಗೆ ಹೋಗುತ್ತದೆ. ಫಲಿತಾಂಶದ ಸಭೆಯಲ್ಲಿ ಸಾಹೇಬರು ಶೇಕಡಾ ಎಷ್ಟು ಎಂದು ಕೇಳುತ್ತಾರೆಯೇ ಹೊರತು, ನಿಮ್ಮ ಹಿಂದಿನ ಬೆಂಚಿನ ಹುಡುಗಿ ಜೂನ್‌ನಲ್ಲಿ ಹೇಗಿದ್ದಳು, ಜನವರಿಯಲ್ಲಿ ಹೇಗಿದ್ದಾಳೆ ಎಂದು ಕೇಳುವುದಿಲ್ಲ. ಪ್ರಗತಿ ಎಂದರೆ ಆ ಎರಡನೆಯ ಪ್ರಶ್ನೆಯೇ. ನಾವು ಮಗುವನ್ನು ಪಕ್ಕದ ಮಗುವಿನ ಜೊತೆ ಇಟ್ಟು ನೋಡಿದೆವು. ಅದರ ನಿನ್ನೆಯ ಜೊತೆ ಇಟ್ಟು ನೋಡಲಿಲ್ಲ.

ನೋಡಲು ಬರುವುದಿಲ್ಲ ಎಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ, ಗೋಡೆಯ 'ಪ್ರಗತಿ ನೋಟ'ದಲ್ಲಿ ತಾನೇ ಗುರುತು ಹಾಕುತ್ತದೆ. ಅಸರ್ ಸಮೀಕ್ಷೆಯ ಕಾರ್ಯಕರ್ತರು ಹಳ್ಳಿಯ ಮನೆಯ ಪಡಸಾಲೆಯಲ್ಲಿ ಮಗುವಿನ ಪಕ್ಕ ಕೂತು ಒಂದೇ ಹಾಳೆ ತೋರಿಸುತ್ತಾರೆ. ಅಕ್ಷರ ಬಂತೇ, ಪದ ಬಂತೇ, ವಾಕ್ಯ ಬಂತೇ, ಅದರ ಅರ್ಥ ಹೇಳುತ್ತದೆಯೇ ಎಂದು ಕೆಲವೇ ನಿಮಿಷದಲ್ಲಿ ತಿಳಿಯುತ್ತಾರೆ. ಯುರೋಪಿನವರು 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನಲ್ಲಿ ಆರು ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿನಲ್ಲೂ ಬರೆದಿರುವುದು ಅಂಕವಲ್ಲ, ಈತ ಏನು ಮಾಡಬಲ್ಲ ಎಂಬುದು. ತನ್ನ ಪರಿಚಯ ಹೇಳಿಕೊಳ್ಳಬಲ್ಲ, ದಾರಿ ಕೇಳಬಲ್ಲ, ಹೀಗೆ. ಆ ಏಣಿಯ ಮೇಲೆ ನಮ್ಮ ಹರಿಗೋಲಿನ ಹುಡುಗ ಕನಿಷ್ಠ ಒಂದು ಮೆಟ್ಟಿಲಾದರೂ ಹತ್ತಿಯೇ ಇದ್ದಾನೆ. ನಮ್ಮ ಅಂಕಪಟ್ಟಿಯಲ್ಲಿ ಅವನು ನೆಲದ ಮೇಲೂ ಇಲ್ಲ.

ಅವನನ್ನು ದೊಡ್ಡ ಪಂಡಿತನೆಂದು ಹೊಗಳುವ ಇರಾದೆ ನನಗಿಲ್ಲ. ಹರಿಗೋಲಿನಿಂದ ಇಳಿದ ಮೇಲೆ ನನ್ನ ಚೀಲದಲ್ಲಿದ್ದ ಗುಳಿಗೆಯ ಪಟ್ಟಿ ಕೊಟ್ಟು ಇದರ ಮೇಲೆ ಏನು ಬರೆದಿದೆ ಓದಪ್ಪಾ ಎಂದೆ. ತಿರುಗಿಸಿ ಮುರುಗಿಸಿ ನೋಡಿ ನಕ್ಕು ಮರಳಿ ಕೊಟ್ಟ. ಅವನಿಗೆ ಕಿವಿ ಮತ್ತು ಬಾಯಿಯ ಇಂಗ್ಲಿಷ್ ಇದೆ, ಕಣ್ಣಿನದ್ದಿಲ್ಲ. ಆ ಹುಡುಗಿಗೆ ಕೈಯಿನದ್ದಿದೆ, ಬೇರೆ ಮೂರೂ ಇಲ್ಲ. ಕೇಳುವುದು, ಆಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಒಲೆಗಳ ಮೇಲೆ ನಾಲ್ಕು ಪಾತ್ರೆ. ನಾನು ಒಂದೇ ಪಾತ್ರೆಯ ಒಂದೇ ಅಗುಳು ಹಿಚುಕಿ ಊಟಕ್ಕೆ ಕರೆದುಬಿಟ್ಟೆ. ನಮ್ಮವ್ವನ ಮಾತು ತಪ್ಪಲ್ಲ, ನಾನು ಅದನ್ನು ಇಟ್ಟ ಜಾಗ ತಪ್ಪು.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಒಂದು ಸಣ್ಣ ಕೆಲಸ ಮಾಡಿದೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನಲವತ್ತೈದು ಮಕ್ಕಳಿಗೆ ನೂರಾ ಮೂವತ್ತೈದು ನಿಮಿಷ, ಅಂದರೆ ಸುಮಾರು ನಾಲ್ಕು ಪೀರಿಯಡ್. ವರ್ಷಕ್ಕೆ ಮೂರು ಸಲ ಮಾಡಿದರೆ ಹನ್ನೆರಡು ಪೀರಿಯಡ್. ಅಷ್ಟು ಹೊತ್ತು ಪೂರ್ವಸಿದ್ಧತಾ ಪರೀಕ್ಷೆಗಳಿಗೆ ನಾವು ಸುಲಭವಾಗಿ ಕೊಡುತ್ತೇವೆ. ಅವರ ಕಣ್ಣಿಗೆ ಬಿದ್ದಿರದ ಒಂದು ಪ್ಯಾರಾ ಓದಿಸುವುದು, ಅದರ ಬಗ್ಗೆ ಒಂದು ಮಾತು ಕೇಳುವುದು, ಮನೆಯ ಬಗ್ಗೆ ಒಂದು ಮಾತು ಆಡಿಸುವುದು. ಅಂಕವಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಒಂದೇ ಸಾಲು: 'ಓದುತ್ತಾಳೆ, ಅರ್ಥ ಹೇಳಲಾರಳು.' 'ತಪ್ಪಾದರೂ ಮೂರು ವಾಕ್ಯ ಆಡಿದಳು.' ಇಸ್ರೇಲಿನ ರೂತ್ ಬಟ್ಲರ್ ಎಂಬಾಕೆ 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಆಮೇಲೆ ಓದಿದೆ. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಹೋದರಂತೆ. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರು ಹೋಗಲಿಲ್ಲವಂತೆ. ನನಗೆ ಆಶ್ಚರ್ಯವಾಗಲಿಲ್ಲ. ಅಂಕ ಕಂಡ ಕೂಡಲೇ ಮಗು ಪುಸ್ತಕ ಮುಚ್ಚುವುದನ್ನು ನಾನು ದಿನವೂ ನೋಡಿದ್ದೆ.

ಮೊದಲ ಸಲ ಹೆಣ್ಣುಮಕ್ಕಳು ಬಾಯಿಯೇ ಬಿಡಲಿಲ್ಲ. ಗಂಡುಹುಡುಗರ ಎದುರಿಗೆ ತಪ್ಪು ಇಂಗ್ಲಿಷ್ ಆಡುವುದಕ್ಕಿಂತ ಸುಮ್ಮನಿರುವುದು ಲೇಸು ಎಂಬುದು ಅವರ ಲೆಕ್ಕ. ಆಮೇಲೆ ಇಬ್ಬಿಬ್ಬರನ್ನು ನೀರಿನ ಟಾಕಿಯ ಹತ್ತಿರ ಕರೆದು, ನನಗೂ ತಪ್ಪುತ್ತದೆ ಎಂದು ಒಂದೆರಡು ಸಲ ಬೇಕೆಂದೇ ತಪ್ಪಿ ತೋರಿಸಿದ ಮೇಲೆ ದನಿ ಬಂತು. ಆ ನೋಟ್‌ಬುಕ್ಕನ್ನು ಯಾವ ಅಧಿಕಾರಿಯೂ ಕೇಳಲಿಲ್ಲ. ಕೇಳಲು ಯಾವ ನಮೂನೆಯಲ್ಲೂ ಅದಕ್ಕೆ ಕಾಲಮ್ ಇರಲಿಲ್ಲ.

ತಾಯಂದಿರಿಗೆ ನಾನು ಹೇಳುವುದು ಇಷ್ಟೆ. ಪಾಲಕರ ಸಭೆಗೆ ಹೋದಾಗ ಎಷ್ಟು ಅಂಕ ಎಂದು ಕೇಳಬೇಡಿ, ಅದು ಕಾರ್ಡಿನಲ್ಲೇ ಇದೆ. ಹಿಂದಿನ ಸಲಕ್ಕಿಂತ ಈಗ ಇವಳು ಹೊಸದಾಗಿ ಏನು ಮಾಡಬಲ್ಲಳು ಎಂದು ಕೇಳಿ. ಉತ್ತರ ಸಿಗದಿದ್ದರೆ ಜಗಳವಾಡಬೇಡಿ. ಮುಂದಿನ ಸಲವೂ ಅದನ್ನೇ ಕೇಳಿ. ನಿಮಗೇ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಗುಳಿಗೆಯ ಪಟ್ಟಿ, ಬ್ಯಾಂಕಿನ ಚೀಟಿ, ಮಿಕ್ಸರಿನ ಡಬ್ಬಿಯೊಳಗಿನ ಕಾಗದ, ಯಾವುದನ್ನಾದರೂ ಕೊಟ್ಟು, ಇದರಲ್ಲಿ ಏನಿದೆ ನನಗೆ ಕನ್ನಡದಲ್ಲಿ ಹೇಳು ಎನ್ನಿ. ಮಗು ಹೇಳಿದರೆ ಅದು ಕಲಿತಿದೆ. ಹೇಳದಿದ್ದರೆ ಬೈಯಬೇಡಿ, ಮೂರು ತಿಂಗಳು ಬಿಟ್ಟು ಮತ್ತೆ ಕೊಡಿ.

ಹರಿಗೋಲಿನ ಆ ಭಾನುವಾರದ ನಂತರ ನಾನು ಮತ್ತೊಮ್ಮೆ ಆ ಹುಡುಗಿಯ ಮನೆಗೆ ಹೋದೆ. ಇಷ್ಟು ವರ್ಷ ಮುಂದೂಡಿದ ಮಾತನ್ನು ಹೇಳಿಯೇ ಬಿಡಬೇಕೆಂದು ಹೋಗಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದಳು. "ಆ ತೊಂಬತ್ತೆರಡು ನಿನ್ನದಲ್ಲವ್ವಾ, ಅದು ನಂದು. ನಾನು ಬರೆಸಿದ್ದನ್ನ ನೀ ಬರದಿ. ನಿನಗ ಬರಲಾರದ್ದು ನಿನ್ನ ತಪ್ಪಲ್ಲ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೈಯೊಳಗಿನ ಎಲೆಗಳನ್ನು ಮೊರಕ್ಕೆ ಹಾಕಿ ಕೇಳಿದಳು: "ಹಂಗಾರ ನಂದು ಎಷ್ಟ್ರಿ ಅಕ್ಕೋರ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹತ್ತು ವರ್ಷ ಇಂಗ್ಲಿಷ್ ಕಲಿತ ಹುಡುಗಿಯ ಬಗ್ಗೆ, ಅವಳಿಗೆ ಎಷ್ಟು ಬರುತ್ತಿತ್ತು ಎಂದು ನಾವ್ಯಾರೂ ಒಮ್ಮೆಯೂ ನೋಡಿರಲಿಲ್ಲ.